ಅಮ್ಮನಿಗೆ ಮನೆಯಲ್ಲೇ ಆರೈಕೆ: ಮೂರು ವರ್ಷ, ಎರಡು ಏಜೆನ್ಸಿ

2022ರ ಜೂನ್‌ನಲ್ಲಿ ನಮ್ಮಮ್ಮನಿಗೆ ಸ್ಟ್ರೋಕ್ ಆಯಿತು. ಪೆಟ್ಟು ಬಿದ್ದಿದ್ದು ಮಿದುಳಿನ ಎಡಭಾಗಕ್ಕೆ. ಹಾಗಾಗಿ ಬಲಗೈ, ಬಲಗಾಲು ಸ್ವಾಧೀನ ತಪ್ಪಿತು, ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನದಿಂದ ಪಕ್ಕದಲ್ಲಿ ಯಾರಾದರೂ ಇರಲೇಬೇಕು. ನಾನು, ನನ್ನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆ ಬೆಂಗಳೂರಿನ ಬನಶಂಕರಿಯಲ್ಲಿ. ಇಷ್ಟು ದಿನದಲ್ಲಿ ಎರಡು ಹೋಮ್ ಕೇರ್ ಏಜೆನ್ಸಿ ನೋಡಿದ್ದೇವೆ, ಎರಡರ ಹೆಸರನ್ನೂ ಬರೆಯುವುದಿಲ್ಲ.

ಮೊದಲನೆಯದು ದೊಡ್ಡದು. ಆ್ಯಪ್ ಇತ್ತು, ಯೂನಿಫಾರ್ಮ್ ಇತ್ತು, ಟ್ಯಾಬ್ ಹಿಡಿದು ಬಂದ ಕೋಆರ್ಡಿನೇಟರ್ ಎಂಟು ಪುಟ ವಿವರ ತುಂಬಿಸಿಕೊಂಡು ಹೋದರು. ನನಗೆ ಅದೇ ದೊಡ್ಡ ಸಮಾಧಾನ ಆಗಿತ್ತು. ತಿಂಗಳಿಗೆ 24,000 ರೂಪಾಯಿ, ಡಿಪಾಸಿಟ್ ಬೇರೆ.

ಅವರು ಕಳಿಸಿದ ಮೊದಲ ಹುಡುಗಿ ರಾಯಚೂರು ಕಡೆಯವಳು. ಅವಳು ಅಮ್ಮನಿಗೆ ಗಂಜಿ ತಿನ್ನಿಸುವುದನ್ನು ನೀವು ನೋಡಬೇಕಿತ್ತು. ಬೆನ್ನಿಗೆ ಎರಡು ದಿಂಬು ಕೊಟ್ಟು ನೆಟ್ಟಗೆ ಕೂರಿಸುತ್ತಿದ್ದಳು. ಒಂದು ಹನಿ ತನ್ನ ಮಣಿಕಟ್ಟಿನ ಒಳಗೆ ಬಿಟ್ಟು ಬಿಸಿ ನೋಡುತ್ತಿದ್ದಳು. ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಅರ್ಧ ಚಮಚ ಎಡಗೆನ್ನೆಯ ಕಡೆ ಹಾಕಿ, ಗಂಟಲು ಮೇಲೆದ್ದು ಕೆಳಗಿಳಿಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂದಿನ ಚಮಚ. ಒಂದು ಬಟ್ಟಲಿಗೆ ನಲವತ್ತು ನಿಮಿಷ. ಊಟ ಆದ ಮೇಲೂ ಅರ್ಧ ಗಂಟೆ ಮಲಗಿಸುತ್ತಿರಲಿಲ್ಲ. ಸ್ಟ್ರೋಕ್ ಆದವರಿಗೆ ನುಂಗುವುದು ಕಷ್ಟ ಆಗುತ್ತದೆ. ನೀರಿನಂಥ ತೆಳು ಪದಾರ್ಥವೇ ಜಾಸ್ತಿ ಅಪಾಯ, ಗಂಟಲು ಸಿದ್ಧ ಆಗುವ ಮೊದಲೇ ಶ್ವಾಸನಾಳಕ್ಕೆ ಜಾರಿಬಿಡುತ್ತದೆ. ಇದನ್ನೆಲ್ಲ ಸ್ಪೀಚ್ ಥೆರಪಿಸ್ಟ್ ಒಂದೇ ಸಲ ಹೇಳಿಕೊಟ್ಟಿದ್ದರು, ಅವಳು ಒಂದು ದಿನವೂ ಮರೆಯಲಿಲ್ಲ.

ಎಂಟನೇ ತಿಂಗಳು ತಂಗಿ ಮದುವೆಗೆ ಅಂತ ಹತ್ತು ದಿನ ರಜೆ ಕೇಳಿದಳು. 24 ಗಂಟೆಯೊಳಗೆ ಬದಲಿ ಕಳಿಸುತ್ತೇವೆ ಅಂತ ಒಪ್ಪಂದದಲ್ಲೇ ಇತ್ತು. ಬಂದಿದ್ದು ಮೂರನೇ ದಿನ. ಹತ್ತೊಂಬತ್ತು ಇಪ್ಪತ್ತರ ಹುಡುಗಿ, ರೈಲಿಳಿದು ನೇರ ನಮ್ಮನೆಗೆ ಬಂದವಳು, ಕನ್ನಡ ಒಂದಕ್ಷರ ಬರುವುದಿಲ್ಲ. ಅಮ್ಮನಿಗೆ ಆಗ ಹತ್ತು ಹನ್ನೆರಡು ಮಾತು ವಾಪಸ್ ಬಂದಿದ್ದವು, ಎಲ್ಲ ಕನ್ನಡದವೇ. ನೀರು, ನೋವು, ಒಂದಕ್ಕೆ, ಸಾಕು. ಮಧ್ಯಾಹ್ನ ಅರ್ಧ ಮಲಗಿಸಿಕೊಂಡೇ ಗಂಜಿ ಕೊಟ್ಟಿದ್ದಾಳೆ. ಅಮ್ಮ ಸಾಕು, ಸಾಕು ಅಂತ ಹೇಳುತ್ತಲೇ ಇದ್ದರಂತೆ, ಪಕ್ಕದ ಮನೆಯವರಿಗೆ ಕಿಟಕಿಯಿಂದ ಕೇಳಿಸಿದೆ. ಆ ಹುಡುಗಿಗೆ ಅರ್ಥ ಆಗಿಲ್ಲ. ರಾತ್ರಿ ಜ್ವರ, ಬೆಳಗ್ಗೆ ಉಸಿರಾಟದ ತೊಂದರೆ. ಅನ್ನದ ಅಂಶ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ. ಆರು ದಿನ ಆಸ್ಪತ್ರೆ.

ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ. ಊಟ ಮಾಡಿಸು, ಡೈಪರ್ ಬದಲಾಯಿಸು ಅಂತಷ್ಟೇ ಅವಳಿಗೆ ಹೇಳಿ ಕಳಿಸಿದ್ದರು. ಎಂಟು ಪುಟ ಟ್ಯಾಬ್‌ನಲ್ಲೇ ಉಳಿದಿತ್ತು. ನನಗೆ ನನ್ನ ಮೇಲೂ ಬೇಜಾರಿದೆ, ಆ ದಿನ ರಜೆ ಹಾಕಿ ಜತೆಗೆ ಕೂರಬೇಕಿತ್ತು. ಏಜೆನ್ಸಿಯವರು ನಾಲ್ಕು ದಿನದ ಹಣ ಕಡಿಮೆ ಮಾಡಿದರು. ಡಿಪಾಸಿಟ್ ವಾಪಸ್ ಬರಲು ಎರಡು ತಿಂಗಳು ಹಿಡಿಯಿತು.

ಎರಡನೆಯದನ್ನು ನಡೆಸುವವರು ನಿವೃತ್ತ ನರ್ಸ್ ಒಬ್ಬರು. ಮೂವತ್ತು ಚಿಲ್ಲರೆ ಹೆಂಗಸರು, ಹಳೇ ಕಟ್ಟಡದಲ್ಲಿ ಒಂದು ರೂಮು, ಆ್ಯಪ್ ಗೀಪ್ ಇಲ್ಲ. ಅವರು ಬಂದ ದಿನ ಫಾರ್ಮ್ ತೆಗೆಯಲಿಲ್ಲ. ನೇರ ಅಮ್ಮನ ಹತ್ತಿರ ಹೋಗಿ, ಚೆನ್ನಾಗಿರುವ ಎಡಗೈ ಹಿಡಿದು, "ಊಟ ಆಯ್ತಾ ಅಮ್ಮಾ?" ಅಂದರು. ಉತ್ತರ ಬರುವವರೆಗೂ ಕಾದರು, ಒಂದು ನಿಮಿಷವೇ ಆಗಿರಬೇಕು. ಆಮೇಲೆ ಮಗ್ಗುಲು ತಿರುಗಿಸಿ ಬೆನ್ನು, ಹಿಮ್ಮಡಿ ನೋಡಿದರು. ಸೊಂಟದ ಕೆಳಗೆ ನಾಣ್ಯದಗಲ ಕೆಂಪಿತ್ತು. ಬೆರಳಿಂದ ಒತ್ತಿ ತೋರಿಸಿದರು, ಒತ್ತಿದರೂ ಬಿಳಿಚಲಿಲ್ಲ. ಬೆಡ್ ಸೋರ್ ಶುರುವಾಗುವುದು ಹೀಗೇ ಅಂತೆ. ಏರ್ ಬೆಡ್ ಹಾಕಿದ್ದೇವಲ್ಲ ಅಂತ ನಾವು ನಿಶ್ಚಿಂತೆಯಿಂದ ಇದ್ದೆವು! ಏರ್ ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು ಅಂದರು. ಅವತ್ತಿಂದ ಹಾಗೇ ಮಾಡುತ್ತಿದ್ದೇವೆ, ಮೂರು ವಾರದಲ್ಲಿ ಕೆಂಪು ಹೋಯಿತು.

ಇವರ ಹತ್ತಿರ ನಾನು ಇವತ್ತಿಗೂ ಉಳಿದಿರುವುದು ಒಂದೇ ಕಾರಣಕ್ಕೆ. ಬದಲಿಯವರು ಒಂದು ದಿನ ಮೊದಲೇ ಬಂದು ಇದ್ದವರ ಜತೆ ಪೂರ್ತಿ ದಿನ ಇರಬೇಕು ಅನ್ನೋದು ಅವರ ನಿಯಮ. ಆ ದಿನ ಇಬ್ಬರ ಸಂಬಳವೂ ನನ್ನದೇ. ಖುಷಿಯಿಂದ ಕೊಡುತ್ತೇನೆ. ಯಾವ ಏಜೆನ್ಸಿಗೆ ಫೋನ್ ಮಾಡಿದರೂ ಮೊದಲು ಇದನ್ನೇ ಕೇಳಿ: ಇವರು ಊರಿಗೆ ಹೋದರೆ ಯಾರು ಬರುತ್ತಾರೆ, ಅವರಿಗೆ ಹೇಳಿಕೊಡುವವರು ಯಾರು? ನಾವು ಕೊಡುವ ಹಣದಲ್ಲಿ ಕೆಲಸ ಮಾಡುವವರ ಕೈಗೆ ಎಷ್ಟು ಸೇರುತ್ತದೆ ಅಂತಲೂ ಕೇಳಿ. ಮೊದಲಿನವರು ಅದನ್ನು ಕೇಳಲೇಬಾರದು ಅಂದಿದ್ದರು. ಇವರು ಲೆಕ್ಕ ತೋರಿಸಿದರು. ಸಂಬಳ ಸರಿಯಿಲ್ಲದ ಕಡೆ ಜನ ನಿಲ್ಲುವುದಿಲ್ಲ ಅಲ್ವಾ, ಆಗ ನಿಮ್ಮ ಮನೆಗೆ ತಿಂಗಳಿಗೊಂದು ಹೊಸ ಮುಖ.

ಕೊರತೆಗಳೂ ಇವೆ. ದರ ಮೂರು ಸಲ ಏರಿ ಈಗ 33,000 ಆಗಿದೆ. ಬಿಲ್ ಕೈಬರಹದ್ದು, ಎರಡು ಸಲ ಕೂಡಿಸಿದ್ದೇ ತಪ್ಪಾಗಿತ್ತು. ಭಾನುವಾರ ಫೋನ್ ಎತ್ತುವುದಿಲ್ಲ. ದಸರಾ, ಯುಗಾದಿ ಹತ್ತಿರ ಬಂದರೆ ಜನ ಸಿಗುವುದು ಕಷ್ಟ, ತಿಂಗಳ ಮೊದಲೇ ಹೇಳಬೇಕು. ನಮ್ಮ ಹೆಲ್ತ್ ಪಾಲಿಸಿ ಈ ಖರ್ಚಿಗೆ ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಇನ್ನೊಂದು ಮಾತು. ಮೂಗಿನ ಟ್ಯೂಬ್, ಕ್ಯಾತಿಟರ್, ಇಂಜೆಕ್ಷನ್ ಇದ್ದರೆ ಅಟೆಂಡರ್ ಸಾಲದು, ತರಬೇತಾದ ನರ್ಸ್ ಬೇಕು. ಸುಮ್ನೆ ನರ್ಸ್ ಅಂತ ಹೇಳಿ ಕಳಿಸುತ್ತಾರೆ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಸರ್ಟಿಫಿಕೇಟ್ ಕೇಳಿ ನೋಡಿ. ಏನೂ ತೋಚದಿದ್ದಾಗ ಹಿರಿಯರ ಸಹಾಯವಾಣಿ 14567 ಇದೆ, ಉಚಿತ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ.

ಈಗಿರುವವರು ಮುಂದಿನ ಶುಕ್ರವಾರ ಊರಿಗೆ ಹೊರಟಿದ್ದಾರೆ. ಬದಲಿಯವರು ಗುರುವಾರ ಬೆಳಗ್ಗೆಯೇ ಬರುತ್ತಾರೆ. ಅಮ್ಮನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವರು ಆಡುವ ಮಾತುಗಳ ಪಟ್ಟಿ ಇದೆ, ಪಕ್ಕದಲ್ಲಿ ಹಿಂದಿ ಅರ್ಥ. ಈ ತಿಂಗಳು ಹೊಸದಾಗಿ ಎರಡು ಬಂದಿವೆ, ಕಿಟಕಿ ಮತ್ತು ಬೇಡ. ಬುಧವಾರ ರಾತ್ರಿಯೊಳಗೆ ಸೇರಿಸಿಡಬೇಕು.