ಟೋಲ್ಕಿನ್: ಮೊದಲು ‘ಸಿಲ್ಮರಿಲಿಯನ್’ ಓದಬೇಕೇ, ‘ಲಾರ್ಡ್ ಆಫ್ ದ ರಿಂಗ್ಸ್’ ಓದಬೇಕೇ?

ಇಂಗ್ಲಿಷ್ ಲೇಖಕ ಟೋಲ್ಕಿನ್‌ರ ಈ ಎರಡು ಕಲ್ಪನಾಲೋಕದ ಕೃತಿಗಳಲ್ಲಿ ಯಾವುದರಿಂದ ಶುರು ಮಾಡಲಿ ಎಂದು ಕೇಳಿದಿರಿ. ಸಾವಿಲ್ಲದ ಎಲ್ಫ್‌ಗಳು (ಮುಪ್ಪಿನಿಂದ ಸಾಯದ, ಆದರೆ ಕೊಂದರೆ ಸಾಯುವ ಜನಾಂಗ), ವಿಚಿತ್ರ ಜೀವಿಗಳು, ಜೊತೆಗೆ ರಕ್ತಪಾತ ಬೇಕು ಎಂದಿರಿ. ಹಿಂಸೆಯಲ್ಲಿ 1977ರ ‘ಸಿಲ್ಮರಿಲಿಯನ್’ ಹೆಚ್ಚು ಕರಾಳ. ಕಳವಾದ ರತ್ನಗಳನ್ನು ಮರಳಿ ಪಡೆಯುವ ಆಣೆಗೆ ಕಟ್ಟುಬಿದ್ದು ಎಲ್ಫ್‌ಗಳೇ ಎಲ್ಫ್‌ಗಳನ್ನು ಕೊಲ್ಲುತ್ತಾರೆ. ಡ್ರ್ಯಾಗನ್‌ನ ಮಾಯೆಗೆ ಸಿಲುಕಿದ ಟೂರಿನ್ ಎಂಬ ವೀರನ ಕಥೆಯಂತೂ ನನ್ನ ಒಂದು ರಾತ್ರಿಯ ನಿದ್ದೆ ಕೆಡಿಸಿತು. 1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ‘ಲಾರ್ಡ್ ಆಫ್ ದ ರಿಂಗ್ಸ್‌’ನಲ್ಲಿಯೂ ಯುದ್ಧಗಳಿವೆ, ಆದರೆ ನಡುನಡುವೆ ಊಟ, ಹಾಡು, ಹರಟೆಯ ಬಿಡುವು ಸಿಗುತ್ತದೆ. (ಡ್ರ್ಯಾಗನ್ ಮಾತ್ರ ಎದುರಾಗುವುದಿಲ್ಲ.)

ಗಾತ್ರದಲ್ಲಿ ‘ಸಿಲ್ಮರಿಲಿಯನ್’ ಚಿಕ್ಕದು, ಓದಿಗೆ ಕಠಿಣ: ಒಂದೇ ಎಲ್ಫ್ ಮನೆತನದಲ್ಲಿ ಫಿನ್ವೆ, ಫಿಂಗೋಲ್ಫಿನ್, ಫಿನಾರ್ಫಿನ್, ಫಿನ್‌ರಾಡ್! ಮಹಾಭಾರತದ ಆದಿಪರ್ವದ ವಂಶಾವಳಿಯನ್ನು ಬೇಸರಿಸದೆ ಓದಿದವರಿಗೆ, ಬಿಡಿ ಅಧ್ಯಾಯಗಳನ್ನು ಸವಿಯುವವರಿಗೆ ಇದು ಹಿಡಿಸೀತು. ಒಂದೇ ಪಯಣದಲ್ಲಿ ಪಾತ್ರಗಳ ಜೊತೆ ತಿಂಗಳುಗಟ್ಟಲೆ ನಡೆಯಲು ಸಿದ್ಧರಿದ್ದರೆ ಉಂಗುರದ ಕಥೆಯನ್ನೇ ಕೈಗೆತ್ತಿಕೊಳ್ಳಿ.