42 ಪೀಸಿನ ಫುಟ್ ಡಬ್ಬಿ ತರಿಸುವ ಮೊದಲು ಸೂಜಿ ತಟ್ಟೆ ನೋಡಿ

ಚೌತಿ ಹತ್ತಿರ ಬಂದರೆ ಸಾಕು, ಕಾರವಾರ, ಅಂಕೋಲಾ, ಕುಮಟಾ ಕಡೆ ಮನೆಯಲ್ಲೇ ಹೊಲಿಯುವವರ ಬಾಗಿಲಿಗೆ ಬಟ್ಟೆಗಿಂತ ಮೊದಲು ಬಂದು ಬೀಳುವುದು ಪ್ರೆಸರ್ ಫುಟ್‌ಗಳ, ಅಂದರೆ ಸೂಜಿಯ ಕೆಳಗೆ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದಗಳ, ಡಬ್ಬಿ. 32 ಪೀಸು, 42 ಪೀಸು, ‘ಎಲ್ಲ ಮಷಿನ್‌ಗೂ ಹೊಂದುತ್ತದೆ’ ಎಂಬ ಚೀಟಿ. ಆ ಚೀಟಿಯನ್ನು ನಂಬಿ ಕಾರವಾರದ ಒಂದು ಮನೆಯಲ್ಲಿ ಒಳ್ಳೆಯ ಜಿಗ್‌ಜಾಗ್ ಮಷಿನ್ ಹಬ್ಬದ ಹೊತ್ತಿಗೆ ಸರಿಯಾಗಿ ಮೂಲೆ ಸೇರಿತು. ಆದದ್ದು ಇಷ್ಟು: ಲಂಗದ ಒಳ ಅಂಚಿನ ನೂಲು ಬಿಚ್ಚದಿರಲಿ ಎಂದು ಓವರ್‌ಲಾಕ್ ಫುಟ್ ಸಿಕ್ಕಿಸಿದರು. ಡಯಲ್ ಮಾತ್ರ ನೇರ ಹೊಲಿಗೆಯಲ್ಲೇ ಉಳಿದಿತ್ತು. ಪೆಡಲ್ ಒತ್ತಿದ್ದೇ ತಡ, ಸೂಜಿ ಫುಟ್‌ನ ನಡುವಿನ ಕಡ್ಡಿಗೆ ಬಡಿದು ಮುರಿಯಿತು. ತುದಿ ಎಲ್ಲಿ ಬಿತ್ತೆಂದು ಹುಡುಕದೆ ಹೊಸ ಸೂಜಿ ಹಾಕಿ ಮುಂದುವರಿಸಿದರು. ಆ ತುದಿ ಬಿದ್ದಿದ್ದು ತಟ್ಟೆಯ ಕೆಳಗೆ ದಾರ ಸುತ್ತುವ ಶಟಲ್‌ನ ಒಳಗೆ.

ಓವರ್‌ಲಾಕ್ ಫುಟ್ ತಿರುಗಿಸಿ ನೋಡಿದರೆ ನಡುವೆ ಒಂದು ಸಣ್ಣ ಕಡ್ಡಿ ಕಾಣುತ್ತದೆ. ದಾರ ಅದರ ಮೇಲೆ ಹಾದು ಅಂಚನ್ನು ಸುತ್ತಿಕೊಳ್ಳಲಿ, ಬಟ್ಟೆ ಮುದುಡದಿರಲಿ ಎಂದು ಅದನ್ನು ಇಟ್ಟಿರುತ್ತಾರೆ. ಸೂಜಿ ಅದರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಳಿಯಬೇಕು. ಅದಕ್ಕೆ ಜಿಗ್‌ಜಾಗ್ ಅಗಲ 5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬೇಕು. ನೇರ ಹೊಲಿಗೆಯಲ್ಲಾಗಲಿ, 2–3 ಮಿ.ಮೀ. ಅಗಲದಲ್ಲಾಗಲಿ ಸೂಜಿ ಕಡ್ಡಿಯ ಮೇಲೇ ಬೀಳುವ ಸಾಧ್ಯತೆ ಇದೆ.

ಮುರಿದ ಸೂಜಿಗೆ ಹೋಗುವುದು ನಾಲ್ಕು ಕಾಸು. ದೊಡ್ಡ ನಷ್ಟ ಕೆಳಗೆ, ಕಣ್ಣಿಗೆ ಕಾಣದಲ್ಲಿ. ಬಾಗಿದ ಸೂಜಿ, ಕೆಳಗೆ ದಾರದ ಕುಣಿಕೆ ಹಿಡಿಯುವ ಹುಕ್‌ನ ಮೊನೆಗೆ ತಗುಲಿದರೆ ಅಲ್ಲಿ ಕೂದಲೆಳೆಯಷ್ಟು ಒರಟು ಏಳುತ್ತದೆ, ಆಮೇಲೆ ಪ್ರತಿ ಸುತ್ತಿನಲ್ಲೂ ದಾರವನ್ನು ಕೆರೆಯುತ್ತದೆ. ಏಟು ಜೋರಾಗಿದ್ದರೆ ಸೂಜಿ ದಂಡವೇ ತನ್ನ ಹಿಡಿಕೆಯಿಂದ ತುಸು ಮೇಲೆ ಸರಿಯುತ್ತದೆ. ಆಗ ಹುಕ್ ಬರುವ ಹೊತ್ತಿಗೆ ದಾರದ ಕುಣಿಕೆ ಅದಕ್ಕೆ ಸಿಗುವ ಜಾಗದಲ್ಲಿರುವುದಿಲ್ಲ. ಗುರುತು ಸುಲಭ. ದಾರ ಹಿಂಜಿ ಹಿಂಜಿ ತುಂಡಾಗುತ್ತಿದ್ದರೆ ಮೊನೆ ಒರಟಾಗಿದೆ. ದಾರ ತುಂಡಾಗದೆ ಹೊಲಿಗೆ ಮಾತ್ರ ತಪ್ಪುತ್ತಿದ್ದರೆ, ಹೊಸ ಸೂಜಿ ಹಾಕಿದರೂ ಹಾಗೇ ಆದರೆ, ದಂಡ ಸರಿದಿದೆ. ಒರಟನ್ನು ತೀರಾ ನಯವಾದ ಎಮರಿ ಕಾಗದದಿಂದ ಮನೆಯಲ್ಲೇ ತೀಡಬಹುದು. ದಂಡದ ಎತ್ತರ ಕೂರಿಸುವುದು ಮೆಕ್ಯಾನಿಕ್ ಕೆಲಸ. ಹಬ್ಬದ ವಾರದಲ್ಲಿ ಅವರು ಸಿಗುವುದಿಲ್ಲ.

ಈಗ ಡಬ್ಬಿಗೆ ದುಡ್ಡು ಕೊಡುವ ಮೊದಲು ನೋಡಬೇಕಾದ ಜಾಗ: ಸೂಜಿ ಇಳಿಯುವ ತಟ್ಟೆಯ ತೂತು. ಅದು ಸಣ್ಣ ದುಂಡು ತೂತಾಗಿದ್ದರೆ ನಿಮ್ಮದು ನೇರ ಹೊಲಿಗೆಯ ಮಷಿನ್. ಅಡ್ಡಕ್ಕೆ ಉದ್ದವಾಗಿದ್ದರೆ ಜಿಗ್‌ಜಾಗ್. ಅಜ್ಜಿಯ ಕಾಲದಿಂದ ಬಂದ ಕಪ್ಪು ಮಷಿನ್‌ಗಳಲ್ಲಿ ಹೆಚ್ಚಿನವು ದುಂಡು ತೂತಿನವು. ಅವಕ್ಕೆ ಓವರ್‌ಲಾಕ್, ಸ್ಯಾಟಿನ್, ಗುಂಡಿ ಹಚ್ಚುವ ಫುಟ್, ಬ್ಲೈಂಡ್ ಹೆಮ್ ಯಾವುದೂ ಉಪಯೋಗಕ್ಕಿಲ್ಲ. ಸೂಜಿ ಅತ್ತಿತ್ತ ಹೋಗುವುದೇ ಇಲ್ಲವಲ್ಲ! ಡಬ್ಬಿಯ ಅರ್ಧ ಇಲ್ಲಿಗೇ ಮುಗಿಯಿತು. ಕಪ್ಪು ಮಷಿನ್‌ಗೆ ಕಾಜಾ (ಗುಂಡಿಯ ತೂತು) ಬೇಕೇ ಬೇಕೆಂದರೆ ಬಟ್ಟೆಯನ್ನೇ ಹಿಡಿದು ಅತ್ತಿತ್ತ ಅಲ್ಲಾಡಿಸುವ ಬೇರೆ ಅಟ್ಯಾಚ್‌ಮೆಂಟ್ ಬರುತ್ತದೆ. ಅದು ಈ ಡಬ್ಬಿಯಲ್ಲಿರುವುದಿಲ್ಲ.

ಎರಡನೆಯ ಅಳತೆ ಶ್ಯಾಂಕ್‌ನದು, ಅಂದರೆ ಫುಟ್ ಬಿಗಿಯುವ ಕಾಲಿನ ಎತ್ತರದ್ದು. ಫುಟ್ ಕೆಳಗಿಳಿಸಿ, ತಟ್ಟೆಯಿಂದ ಫುಟ್ ಬಿಗಿಯುವ ಸ್ಕ್ರೂವಿನ ನಡುವಿನವರೆಗೆ ಅಳೆಯಿರಿ. ಮುಕ್ಕಾಲು ಅಂಗುಲದ ಆಸುಪಾಸು ಬಂದರೆ ಲೋ ಶ್ಯಾಂಕ್, ಒಂದು ಅಂಗುಲ ದಾಟಿ ಒಂದೂಕಾಲರ ಹತ್ತಿರ ಬಂದರೆ ಹೈ ಶ್ಯಾಂಕ್. ಡಬ್ಬಿಗಳು ಸಾಮಾನ್ಯವಾಗಿ ಲೋ ಶ್ಯಾಂಕ್‌ನವು. ಟೇಲರ್ ಅಂಗಡಿಯ ಹೈಸ್ಪೀಡ್ ಮಷಿನ್‌ನ ಫುಟ್ ಹೈ ಶ್ಯಾಂಕ್. ಹುಬ್ಬಳ್ಳಿಯಿಂದ ಯಾರೋ ಪ್ರೀತಿಯಿಂದ ತಂದುಕೊಟ್ಟ ಅಂಗಡಿ ಫುಟ್ ಮನೆಯ ಮಷಿನ್‌ಗೆ ಕೂರದಿರುವುದು ಇದಕ್ಕೇ. ಕೂರಿಸಲೆಂದು ಸ್ಕ್ರೂ ತೂತನ್ನು ಅರದಿಂದ ಉಜ್ಜಬೇಡಿ, ಫುಟ್ ವಾರೆಯಾಗಿ ಕೂತು ಬಟ್ಟೆ ಒಂದೇ ಪಕ್ಕಕ್ಕೆ ಎಳೆಯುತ್ತದೆ.

ಡಬ್ಬಿಯ ಜೊತೆ ಬರುವ ಸಿಕ್ಕಿಸುವ ಹಿಡಿಕೆ ಸಡಿಲವಾಗಿದ್ದರೆ ಹೊಲಿಯುತ್ತಿರುವಾಗಲೇ ಫುಟ್ ಕಳಚಿ ಸೂಜಿಯ ಕೆಳಗೆ ಬೀಳುತ್ತದೆ. ಮಷಿನ್ ಜೊತೆ ಬಂದ ಹಿಡಿಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಸ್ಕ್ರೂವನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಸಾಲದು, ಸ್ಕ್ರೂಡ್ರೈವರಿನಿಂದ ಬಿಗಿಯಬೇಕು. ಮಷಿನ್ ಅದುರಿದಂತೆ ಅದು ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಯಾವ ಫುಟ್ ಹಾಕಿದರೂ, ಬಟ್ಟೆ ಇಡದೆ ಕೈಚಕ್ರವನ್ನು ನಿಮ್ಮ ಕಡೆಗೆ ನಿಧಾನ ತಿರುಗಿಸಿ ಸೂಜಿ ಎರಡೂ ಕಡೆ ಪೂರ್ತಿ ಇಳಿದು ಏರುವುದನ್ನು ಕಣ್ಣಾರೆ ನೋಡಿ. ಕಾರವಾರದ ಆ ಮಷಿನ್‌ಗೆ ಬೇಕಾಗಿದ್ದದ್ದು ಎರಡು ಸುತ್ತು, ಅಷ್ಟೇ.

ಇನ್ನು ಸೀರೆಯ ಮಾತು. ರೋಲ್ಡ್ ಹೆಮ್ ಫುಟ್ ಇದ್ದರೆ ಪಿಕೋ ಮನೆಯಲ್ಲೇ ಆಗುತ್ತದೆಂದು ಎಷ್ಟೋ ಜನ ಅದನ್ನು ಕೊಳ್ಳುತ್ತಾರೆ. ನೇರ ಹೊಲಿಗೆಯ ಮಷಿನ್‌ನಲ್ಲಿ ಅದು ಅಂಚನ್ನು ಎರಡು ಸಲ ಮಡಿಚಿ ನೇರ ಹೊಲಿಗೆ ಹಾಕುತ್ತದೆ, ಪಿಕೋ ಅಲ್ಲ. ಅಂಚು ಸುರುಳಿಯಾಗಿ ದಾರ ಸುತ್ತಿಕೊಳ್ಳಬೇಕೆಂದರೆ ಜಿಗ್‌ಜಾಗ್ ಬೇಕು, ಫುಟ್‌ನ ಕಿಂಡಿಯೂ ಅಷ್ಟು ಅಗಲ ಬೇಕು. ಹೊಸಬರು ಇದರಲ್ಲಿ ಸೋಲುವುದು ಶುರುವಿನಲ್ಲೇ. ಅಂಚಿನ ಮೊದಲ ಎರಡು ಮೂರು ಸೆಂ.ಮೀ.ಯನ್ನು ಕೈಯಲ್ಲೇ 3 ಮಿ.ಮೀ.ಯಂತೆ ಎರಡು ಮಡಿಕೆ ಮಾಡಿ, ನಾಲ್ಕು ಹೊಲಿಗೆ ಹಾಕಿ, ಸೂಜಿ ಕೆಳಗಿರುವಾಗಲೇ ಫುಟ್ ಎತ್ತಿ ಮಡಿಕೆಯನ್ನು ಸುರುಳಿಯೊಳಗೆ ತಳ್ಳಬೇಕು. ಎರಡೂ ದಾರದ ಬಾಲ ಹಿಂದಕ್ಕೆ ಹಿಡಿದಿರಬೇಕು, ಇಲ್ಲದಿದ್ದರೆ ಅಂಚು ತೂತಿನೊಳಗೆ ಹೋಗಿ ಕೂರುತ್ತದೆ. ಆಮೇಲೆ ಬಟ್ಟೆಯ ಅಂಚನ್ನು ತುಸು ಎಡಕ್ಕೆ ಎತ್ತಿ ಹಿಡಿದು ಒಂದೇ ಅಗಲದಲ್ಲಿ ಕೊಡುತ್ತ ಹೋಗಬೇಕು. ಹೆಚ್ಚು ಕೊಟ್ಟರೆ ಸುರುಳಿ ಉಬ್ಬಿ ಕಟ್ಟಿಕೊಳ್ಳುತ್ತದೆ, ಕಡಿಮೆ ಕೊಟ್ಟರೆ ಹಸಿ ಅಂಚು ಹೊರಗೆ ಇಣುಕುತ್ತದೆ. ಹೊಲಿಗೆ ಸೇರುವ ಕಡೆ ದಪ್ಪವಾಗುತ್ತದಲ್ಲ, ಅಲ್ಲಿ ಒಳಗಿನ ಬಟ್ಟೆಯ ಮೂಲೆಯನ್ನು ಮೊದಲೇ ಓರೆಯಾಗಿ ಕತ್ತರಿಸಿಡಿ. ಜಾರ್ಜೆಟ್, ವಾಯಿಲ್, ಶಿಫಾನ್‌ಗೆ 11ರ ಸೂಜಿ. ದಪ್ಪ ಪಾಪ್ಲಿನ್, ಯೂನಿಫಾರ್ಮ್ ಬಟ್ಟೆ ಈ ಸುರುಳಿಯಲ್ಲಿ ಹೋಗುವುದಿಲ್ಲ, ಒತ್ತಾಯ ಮಾಡಿದರೆ ಫುಟ್ ಬಾಗುತ್ತದೆ. ಅಂಬ್ರೆಲಾ ಕಟ್‌ನ ಓರೆ ಅಂಚಿಗಂತೂ ಬೇಡವೇ ಬೇಡ, ಹಿಗ್ಗಿ ಅಲೆಅಲೆಯಾಗುತ್ತದೆ.

ಜಿಪ್ ಫುಟ್ ಹಾಕಿದಾಗ ಡಯಲ್ ಜಿಗ್‌ಜಾಗ್‌ನಲ್ಲಿದ್ದರೆ ಮತ್ತದೇ ಸೂಜಿ ಮುರಿಯುವ ಕಥೆ. ಕಾಣದ ಜಿಪ್‌ನ ಫುಟ್‌ಗೆ ಕೆಳಗೆ ಎರಡು ಕಾಲುವೆ ಇರುತ್ತವೆ, ಸೂಜಿ ನಡುವಿಗೆ ಇಳಿಯಬೇಕು. ಜಿಪ್‌ನ ಸುರುಳಿಯನ್ನು ಸಾಧಾರಣ ಬಿಸಿಯ ಇಸ್ತ್ರಿಯಿಂದ ಬಿಚ್ಚಿ ಒತ್ತಿಟ್ಟರೆ ಹಲ್ಲಿನ ಬುಡಕ್ಕೇ ಹೊಲಿಗೆ ಬೀಳುತ್ತದೆ. ಬಿಸಿ ಹೆಚ್ಚಾದರೆ ನೈಲಾನ್ ಕರಗುತ್ತದೆ. ಜಿಪ್ ಮೊದಲು, ಅದರ ಕೆಳಗಿನ ಹೊಲಿಗೆ ಆಮೇಲೆ.

ನೆರಿಗೆ ಹಾಕುವ ರಫ್ಲರ್ ಎಂಬ ಭಾರದ ಕಬ್ಬಿಣ ಡಬ್ಬಿಯಲ್ಲಿದ್ದರೆ ಅದೊಂದೇ ದುಡ್ಡಿಗೆ ತಕ್ಕ ಮಾಲು ಎನ್ನಬಹುದು, ಲೋ ಶ್ಯಾಂಕ್‌ನ ಕಪ್ಪು ಮಷಿನ್‌ಗೂ ಬರುತ್ತದೆ. ಅದರ ಕವಲು ಸೂಜಿ ಬಿಗಿಯುವ ಸ್ಕ್ರೂವನ್ನು ಹಿಡಿದು ಕೂರಲೇಬೇಕು, ತಪ್ಪಾಗಿ ಕೂತರೆ ಮುರಿಯಬಹುದು. 12ರಲ್ಲಿಟ್ಟರೆ ಹನ್ನೆರಡು ಹೊಲಿಗೆಗೊಂದು ನೆರಿಗೆ, 6ರಲ್ಲಿ ಆರಕ್ಕೊಂದು, 1ರಲ್ಲಿ ಪ್ರತಿ ಹೊಲಿಗೆಗೂ. ಎಷ್ಟು ಬಟ್ಟೆ ಬೇಕೆಂದು ಊಹಿಸಿ ಕತ್ತರಿ ಹಾಕಬೇಡಿ. ಅದೇ ಬಟ್ಟೆಯ 30 ಸೆಂ.ಮೀ. ಪಟ್ಟಿ ಹೊಲಿದು ಅಳೆಯಿರಿ. ಅದು 12 ಸೆಂ.ಮೀ. ಆಗಿದ್ದರೆ ಎರಡೂವರೆ ಪಟ್ಟು, 80 ಸೆಂ.ಮೀ. ಸೊಂಟಕ್ಕೆ 2 ಮೀಟರ್ ಪಟ್ಟಿ. ವೇಗ ಬೇಡ.

ವಾಕಿಂಗ್ ಫುಟ್‌ನ ಕವಲಿಗೂ ಇದೇ ನಿಯಮ. ಹಳೆ ಸೀರೆಗಳ ಪದರ ಸೇರಿಸಿ ಕೌದಿ ಮಾಡಲು ಇದು ಒಳ್ಳೆಯದು, ಮೇಲಿನ ಪದರ ಹಿಂದೆ ಉಳಿಯುವುದಿಲ್ಲ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತ ಕೈಯಲ್ಲೇ ಹೊಲಿಯುತ್ತಾರೆ. ಮಷಿನ್‌ಗೆ ಆ ದಾರಿ ಹೊಂದದು, ಪದರ ನಡುವೆ ಗುಡ್ಡೆಯಾಗುತ್ತದೆ. ನಡುವಿನಿಂದ ಅಂಚಿಗೆ ಹೋಗಿ, 16ರ ಸೂಜಿ ಹಾಕಿ. ರೆಕ್ಸಿನ್ ಚೀಲ, ಮಳೆಗಾಲದ ಪ್ಲಾಸ್ಟಿಕ್ ಕೋಟಿಗೆ ಟೆಫ್ಲಾನ್ ಫುಟ್ ಸಾಕು. ಗುಂಡುಪಿನ್ ಚುಚ್ಚಬೇಡಿ, ತೂತು ಮುಚ್ಚುವುದಿಲ್ಲ, ನೀರು ಅಲ್ಲೇ ಇಳಿಯುತ್ತದೆ.

ಡಬ್ಬಿ ಆಗಲೇ ಮನೆಗೆ ಬಂದಿದ್ದರೆ ಕಡಲ ಗಾಳಿಯಿಂದ ಕಾಪಾಡಿ. ಅಗ್ಗದ ಫುಟ್‌ನ ಹೊಳಪು ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು, ಅಡಿಯ ತುಕ್ಕು ಬಿಳಿ ಬಟ್ಟೆಗೆ ಕಂದು ಗೆರೆ ಎಳೆಯುತ್ತದೆ. ಮಷಿನ್ ಎಣ್ಣೆ ಸವರಿ, ಒರೆಸಿ, ಸಿಲಿಕಾ ಜೆಲ್ ಪುಡಿಕೆ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಹೊಲಿಯುವ ಮೊದಲು ಚಿಂದಿಯ ಮೇಲೆ ಒಂದು ಗೆರೆ ಓಡಿಸಿ. ಮನೆಯಲ್ಲಿ ಕೈಗೆ ಸಿಗುವ ಕೊಬ್ಬರಿ ಎಣ್ಣೆಯನ್ನು ಮಾತ್ರ ಮಷಿನ್ ಹತ್ತಿರ ತರಬೇಡಿ. ಶಿರಸಿಯ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಕಾರವಾರದ ಸೆಕೆಗೆ ಅಂಟಾಗುತ್ತದೆ. ಆಗಲೇ ಬಿಟ್ಟಿದ್ದರೆ ಪ್ಲಗ್ ಕಿತ್ತು, ಸೀಮೆಎಣ್ಣೆಯ ನಾಲ್ಕು ಹನಿ ಹಾಕಿ ಕೈಚಕ್ರ ತಿರುಗಿಸಿ ಜಿಡ್ಡು ಒರೆಸಿ ತೆಗೆಯಿರಿ. ಆಮೇಲೆ ಮಷಿನ್ ಎಣ್ಣೆ, ಒಂದೊಂದು ತೂತಿಗೆ ಒಂದೊಂದೇ ಹನಿ.