ರಾಖ್ಮನಿನಾಫ್ ಎರಡನೇ ಪಿಯಾನೋ ಕನ್ಸರ್ಟೊ: ನಾಲ್ಕು ರೆಕಾರ್ಡಿಂಗಲ್ಲಿ ಯಾವ್ದು?

ರಷ್ಯಾದ ಸಂಗೀತ ರಚನೆಕಾರ ರಾಖ್ಮನಿನಾಫ್ ಬರೆದ ಈ ಕನ್ಸರ್ಟೊ (ಒಂದು ವಾದ್ಯ ಮುಂದೆ, ಜೊತೆಗೆ ಇಡೀ ಆರ್ಕೆಸ್ಟ್ರಾ ಇರೋ ಕೃತಿ) ಕೇಳ್ಬೇಕು ಅಂತ ಹುಡುಕಿದ್ರೆ ರೆಕಾರ್ಡಿಂಗ್ ರಾಶಿ ರಾಶಿ ಸಿಗುತ್ತೆ, ಯಾವ್ದು ಕೇಳೋದು ಅಂತಾನೇ ತಿಳಿಯಲ್ಲ. ಎರಡು ವಾರ ನಾಲ್ಕನ್ನ ಒಂದೇ ಹೆಡ್‌ಫೋನಲ್ಲಿ ಮತ್ತೆ ಮತ್ತೆ ಕೇಳ್ದೆ. ವಾಲ್ಯೂಮ್ ಪ್ರತಿ ಸಲ ಒಂದೇ ಮಟ್ಟಕ್ಕೆ ತಂದ್ಕೋತಿದ್ದೆ, ಯಾಕಂದ್ರೆ ಒಂಚೂರು ಜೋರಾಗಿರೋದೇ ಚೆನ್ನಾಗಿದೆ ಅನ್ಸಿಬಿಡುತ್ತೆ, ಕಿವಿ ಮೋಸ ಹೋಗೋದು ಅಲ್ಲೇ.

ನಾನು ಮುಖ್ಯವಾಗಿ ನೋಡಿದ್ದು ಮೊದಲ ಎರಡು ನಿಮಿಷ. ಶುರುವಲ್ಲಿ ಪಿಯಾನೋ ಒಂದೇ. ಮೆಲ್ಲಗೆ ಒಂದು ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಸೋದು), ಹಿಂದೇನೇ ಪಾತಾಳದಿಂದ ಬಂದಂಥ ಒಂದು ಮಂದ್ರ ಸ್ವರ, ಹೀಗೆ ಎಂಟು ಕಾರ್ಡ್, ಒಂದಕ್ಕಿಂತ ಒಂದು ಜೋರು. ರಾಖ್ಮನಿನಾಫ್ ಕೈ ತುಂಬಾ ದೊಡ್ಡದು, ಆ ಕಾರ್ಡ್‌ಗಳೂ ಅಷ್ಟೇ ಅಗಲ, ಬೆರಳು ಎಟುಕದೆ ಎಷ್ಟೋ ಜನ ಸ್ವರಗಳನ್ನ ಒಂದರ ಹಿಂದೊಂದು ಬಿಡಿಸಿ ನುಡಿಸ್ತಾರೆ. ಆಮೇಲೆ ರಾಗ ಎತ್ಕೊಳ್ಳೋದು ವಯಲಿನ್‌ಗಳು, ಪಿಯಾನೋ ಪಕ್ಕವಾದ್ಯ ಆಗ್ಬಿಡುತ್ತೆ. ಅಲ್ಲಿ ಪಿಯಾನೋ ಮುಳುಗಿ ಹೋಗುತ್ತಾ, ಇಲ್ಲ ಒಳಗಿಂದ ಮಿನುಗ್ತಾ ಇರುತ್ತಾ, ಅದನ್ನ ಗಮನಿಸಿ.

ಪಿಯಾನೋ ಕ್ರಿಸ್ಟಿಯಾನ್ ಜಿಮರ್‌ಮ್ಯಾನ್, ಆರ್ಕೆಸ್ಟ್ರಾ ನಡೆಸಿದ್ದು ಸೇಜಿ ಒಜಾವಾ, ಆರ್ಕೆಸ್ಟ್ರಾ ಬೋಸ್ಟನ್ ಸಿಂಫನಿ: ನಾಲ್ಕರಲ್ಲಿ ಹೊಸದು ಇದೇ, ಸ್ವರ ಸ್ವರಾನೂ ಎಣಿಸ್ಬೋದು ಅಷ್ಟು ಸ್ವಚ್ಛ. ನನಗೆ ಮೆಚ್ಚುಗೆ ಆಯ್ತು, ಎದೆಗೆ ಮಾತ್ರ ಇಳೀಲಿಲ್ಲ.

ವ್ಲಾದಿಮಿರ್ ಅಶ್ಕೆನಾಜಿ, ಆಂದ್ರೆ ಪ್ರೆವಿನ್, ಲಂಡನ್ ಸಿಂಫನಿ: 1970ರ ದಶಕದ ಶುರುವಿನದು. ತಂತಿವಾದ್ಯಗಳ ನಾದ ಬೆಚ್ಚಗೆ ಮೈತುಂಬ ಹರಡುತ್ತೆ. ಎರಡನೇ ಭಾಗದಲ್ಲಿ ಫ್ಲೂಟ್ ಒಂದು ಮಾತು ಶುರುಮಾಡಿ ಕ್ಲಾರಿನೆಟ್‌ಗೆ ದಾಟಿಸುತ್ತಲ್ಲ, ಅಲ್ಲಿ ಅಶ್ಕೆನಾಜಿ ಎಷ್ಟು ತಗ್ಗಿ ಜೊತೆ ಕೊಡ್ತಾರೆ ಅಂದ್ರೆ ಕೃತಿ ಪಿಯಾನೋದ್ದು ಅನ್ನೋದೇ ಮರ್ತುಹೋಗುತ್ತೆ. ಮೊದಲ ಸಲ ಕೇಳೋರಿಗೆ ನಾನು ಕಣ್ಮುಚ್ಚಿ ಇದನ್ನೇ ಹೇಳೋದು.

ಇನ್ನು 1929ರದು, ನುಡಿಸಿದ್ದು ಸ್ವತಃ ರಾಖ್ಮನಿನಾಫ್, ಜೊತೆಗೆ ಲಿಯೊಪೋಲ್ಡ್ ಸ್ಟೊಕೊವ್ಸ್ಕಿ, ಫಿಲಡೆಲ್ಫಿಯಾ ಆರ್ಕೆಸ್ಟ್ರಾ. ಬೇರೆಯವರು ಕಣ್ಣೀರು ತರಿಸೋಕೆ ಎಳೆಯೋ ಜಾಗಗಳಲ್ಲಿ ಬರೆದವರೇ ಎಳೆಯಲ್ಲ, ನಡೀತಾನೇ ಇರ್ತಾರೆ, ಆದ್ರೂ ದುಃಖ ಹಾಗೇ ಉಳಿಯುತ್ತೆ, ಅದು ಹೇಗೆ ಅಂತ ನಾನಿನ್ನೂ ಯೋಚಿಸ್ತಾನೇ ಇದೀನಿ. ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಗ್ರಾಮಫೋನ್ ತಟ್ಟೆಗಳಿಂದ ತೆಗೆದಿದ್ದು, ಹಾಗಾಗಿ ಸರಸರ ಸದ್ದು ಇದ್ದೇ ಇರುತ್ತೆ. ಆ ಸದ್ದನ್ನ ಪೂರ್ತಿ ಒರೆಸಿದ ಒಂದು ಪ್ರತೀನೂ ಕೇಳ್ದೆ, ಸದ್ದಿನ ಜೊತೆ ಪಿಯಾನೋದ ಮೇಲಿನ ಸ್ವರಗಳ ಹೊಳಪೂ ಹೋಗಿತ್ತು, ಕಂಬಳಿ ಹೊದಿಸಿದ ಹಾಗೆ. ಸದ್ದು ಉಳಿಸಿರೋದನ್ನೇ ಆರಿಸ್ಕೊಳ್ಳಿ, ಐದು ನಿಮಿಷದಲ್ಲಿ ಕಿವಿ ಒಗ್ಗಿಕೊಳ್ಳುತ್ತೆ.

ಕೊನೇದು ಸ್ವ್ಯಾತೊಸ್ಲಾವ್ ರಿಕ್ಟರ್, 1959, ಆರ್ಕೆಸ್ಟ್ರಾ ವಾರ್ಸಾ ಫಿಲ್‌ಹಾರ್ಮನಿಕ್, ನಡೆಸಿದ್ದು ಸ್ಟಾನಿಸ್ಲಾವ್ ವಿಸ್ಲೊಟ್ಸ್ಕಿ. ಆ ಎಂಟು ಕಾರ್ಡ್ ಎಷ್ಟು ನಿಧಾನ ಅಂದ್ರೆ ಇಷ್ಟು ಬೇಕಿತ್ತಾ ಅನ್ಸ್ತು. ಮೂರನೇ ಸಲ ಕೇಳ್ದಾಗ ಗೊತ್ತಾಯ್ತು, ಒಂದು ಕಾರ್ಡ್ ಪೂರ್ತಿ ಅರಳಿ, ಕೆಳಗಿನ ಸ್ವರ ಅದರೊಳಗೆ ಇಳಿದ ಮೇಲೇನೇ ಮುಂದಿನದು ಬರ್ತಿದೆ, ಆತುರಾನೇ ಇಲ್ಲ. ವಯಲಿನ್ ಬಂದ್ಮೇಲೂ ಓಡಲ್ಲ, ಪಿಯಾನೋ ಮುಂದೇನೇ ಇರುತ್ತೆ, ಬೇರೆ ಕಡೆ ಬರೀ ಮೊರೆತ ಆಗಿ ಕೇಳೋ ಸ್ವರಗಳು ಇಲ್ಲಿ ಅಲೆ ಅಲೆಯಾಗಿ ಬಿಡಿಬಿಡಿಯಾಗಿ ಕೇಳ್ಸುತ್ತೆ. ಆರ್ಕೆಸ್ಟ್ರಾ ಬೋಸ್ಟನ್ನಿನಷ್ಟು ನಯ ಇಲ್ಲ, ಪರವಾಗಿಲ್ಲ.

ನಾಲ್ಕರಲ್ಲಿ ಒಂದೇ ಇಟ್ಕೋಬೇಕು ಅಂದ್ರೆ ನನಗೆ ರಿಕ್ಟರ್. ಆದ್ರೆ ಕೆಲಸದ ಮಧ್ಯೆ ಹಾಕ್ಬೇಡಿ, ಆ ನಿಧಾನ ಬರೀ ಜಡ ಅನ್ಸುತ್ತೆ. ರಾತ್ರಿ ದೀಪ ಆರಿಸಿ ಕೂತು ಕೇಳಿ, ಎಂಟನೇ ಕಾರ್ಡ್ ಆದ್ಮೇಲೆ ವಯಲಿನ್ ಬರೋ ತನಕ ಉಸಿರು ಹಿಡ್ಕೊಂಡೇ ಇರ್ತೀರಿ.